ಚಾಳೀಸು ಬಂದ ಮೇಲೆ

ನಲವತ್ತು ದಾಟಿದ ಮನುಷ್ಯನ ಕಣ್ಣಿಗೆ ಚಾಳೀಸು ಬರುತ್ತದೆ. ದೂರದ ತೆಂಗಿನ ಮರದ ಗರಿಗರಿಯೂ ಕಾಣುತ್ತದೆ. ಕೈಯಲ್ಲಿರುವ ಪತ್ರಿಕೆಯ ಅಕ್ಷರ ಮಾತ್ರ ಇರುವೆಯ ಸಾಲಿನ ಹಾಗೆ ಹರಿದಾಡುತ್ತದೆ. ಕನ್ನಡಕದ ಅಂಗಡಿಯವನು ಇದಕ್ಕೆ ಹತ್ತು ನಿಮಿಷದಲ್ಲಿ ಪರಿಹಾರ ಕೊಡುತ್ತಾನೆ. ಆದರೆ ಅದೇ ವಯಸ್ಸಿನಲ್ಲಿ ಮನಸ್ಸಿಗೂ ಒಂದು ಬಗೆಯ ಚಾಳೀಸು ಬರುವುದುಂಟು. ಮಗನ ಓದು, ಮಗಳ ಮದುವೆ, ನಿವೃತ್ತಿಯ ಹಣ ಮುಂತಾದ ದೂರದ ಲೆಕ್ಕಗಳೆಲ್ಲ ನಿಚ್ಚಳವಾಗಿ ಕಾಣುತ್ತಿರುವಾಗ, 'ಇದನ್ನೆಲ್ಲ ನಾನು ಯಾಕಾಗಿ ಮಾಡುತ್ತಿದ್ದೇನೆ?' ಎಂಬ ಹತ್ತಿರದ ಒಂದು ಸಾಲನ್ನು ಓದಲಾಗುವುದಿಲ್ಲ. ಇದಕ್ಕೆ ಕನ್ನಡಕ ಕೊಡಬಲ್ಲವನನ್ನು ನಮ್ಮ ಹಿರಿಯರು ಗುರು ಎಂದು ಕರೆದರು. ಅಂಥವನು ಎಲ್ಲಿ ಸಿಗುತ್ತಾನೆಂಬುದನ್ನು ಮಾತ್ರ ಯಾವ ಅಂಗಡಿಯ ಹಲಗೆಯ ಮೇಲೂ ಬರೆದಿಲ್ಲ.

ಉಡುಪಿಯಲ್ಲಿ ಹುಟ್ಟಿ ಬೆಳೆದವನೊಬ್ಬ ಗುರು ಎಲ್ಲಿ ಎಂದು ಕೇಳುವುದು, ಮಲ್ಪೆಯ ಬಂದರಿನಲ್ಲಿ ನಿಂತು ಮೀನು ಎಲ್ಲಿ ಎಂದು ಕೇಳಿದ ಹಾಗೆ. ರಥಬೀದಿಯಲ್ಲಿ ಒಂದು ಸುತ್ತು ಬಂದರೆ ಎಂಟು ಮಠಗಳು. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ ಎಂದು ನಾವು ಮಗ್ಗಿಯ ಜೊತೆಗೇ ಕಲಿತ ಹೆಸರುಗಳಿವು. ಇಷ್ಟಿದ್ದೂ ಗುರುವನ್ನು ಹುಡುಕಿಕೊಂಡು ಹೊರಟೆನೆಂದರೆ ನೆರೆಮನೆಯವರು ನಕ್ಕಾರು. ಅವರ ನಗುವಿನಲ್ಲಿ ತಪ್ಪೇನೂ ಇಲ್ಲ. ಆದರೆ ಎಲ್ಲರಿಗೂ ಇರುವ ಗುರು ಬೇರೆ, ನನ್ನ ಪ್ರಶ್ನೆಗೆ ಕಿವಿಗೊಡುವ ಗುರು ಬೇರೆ. ಸಾವಿರ ಜನರ ಜೊತೆಗೆ ಸಾಲಿನಲ್ಲಿ ನಿಂತು ಫಲಮಂತ್ರಾಕ್ಷತೆ ಪಡೆಯಬಹುದು. ಸಾಲಿನಲ್ಲಿ ನಿಂತು ಸಂಶಯವನ್ನು ಹೇಳಿಕೊಳ್ಳಲಾಗುವುದಿಲ್ಲ. ಹಿಂದಿನವನು ಬೆನ್ನಿಗೆ ಮೊಣಕೈ ಊರುತ್ತಿರುತ್ತಾನೆ.

ಈ ಹುಡುಕಾಟ ನನಗೆ ಹತ್ತಿದ್ದು ನಲವತ್ತೇಳರಲ್ಲಿ, ತಂದೆ ತೀರಿಕೊಂಡ ವರ್ಷ. ಅವರು ನಿಯಮದ ಮನುಷ್ಯ. ಸ್ನಾನ, ಸಂಧ್ಯಾವಂದನೆ, ಏಕಾದಶಿಯ ಉಪವಾಸ ಯಾವುದನ್ನೂ ತಪ್ಪಿಸಿದವರಲ್ಲ. ಸಂಶಯವೆಂಬ ವಸ್ತು ಅವರ ಬಳಿ ಸುಳಿಯಲಾರದೆಂದು ನಾವೆಲ್ಲ ತಿಳಿದಿದ್ದೆವು. ಹದಿಮೂರನೆಯ ದಿನ ಕಳೆದ ಮೇಲೆ ಅವರ ಮರದ ಪೆಟ್ಟಿಗೆಯನ್ನು ತೆರೆದಾಗ ಒಂದು ನೋಟುಬುಕ್ಕು ಸಿಕ್ಕಿತು. ಅಕ್ಕಿಯ ಲೆಕ್ಕ, ತೆಂಗಿನಕಾಯಿ ಕೊಯ್ಯುವವನ ಕೂಲಿ, ವಿದ್ಯುತ್ತಿನ ಬಿಲ್ಲು. ಇವುಗಳ ನಡುನಡುವೆ ಪ್ರಶ್ನೆಗಳು! 'ಜಪ ಮಾಡುವಾಗ ಮನಸ್ಸು ಎಲ್ಲಿಗೆ ಹೋಗುತ್ತದೆ?' 'ಅಮ್ಮ ಸತ್ತಾಗ ನನಗೆ ಅಳು ಯಾಕೆ ಬರಲಿಲ್ಲ?' ಹೀಗೆ ಇಪ್ಪತ್ತಾರು ಪ್ರಶ್ನೆಗಳು. ಕೊನೆಯ ಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ, 'ಇದನ್ನೆಲ್ಲ ಯಾರಲ್ಲಿ ಕೇಳುವುದು?' ಎಂದು ಬರೆದು ಅಡಿಗೆರೆ ಎಳೆದಿದ್ದರು.

ಎಂಬತ್ತೊಂದು ವರ್ಷ ಮಠಗಳ ನೆರಳಿನಲ್ಲಿ ಬಾಳಿದ ಮನುಷ್ಯನಿಗೆ ಕೇಳಲು ಜನ ಸಿಗಲಿಲ್ಲ. ಆ ನೋಟುಬುಕ್ಕನ್ನು ಮುಚ್ಚಿಟ್ಟ ದಿನವೇ ನನಗೊಂದು ಹೆದರಿಕೆ ಹುಟ್ಟಿತು: ನನ್ನ ಪ್ರಶ್ನೆಗಳೂ ಹೀಗೆ ಅಕ್ಕಿಯ ಲೆಕ್ಕದ ನಡುವೆ ಉಳಿದುಹೋದರೆ?

ಮೊದಲು ಊರಿನಲ್ಲೇ ತೊಡಗಿದೆ. ಬನ್ನಂಜೆ ಗೋವಿಂದಾಚಾರ್ಯರ ಉಪನ್ಯಾಸಗಳಿಗೆ ಹೋಗಿ ಕುಳಿತೆ. 2020ರ ಡಿಸೆಂಬರಿನಲ್ಲಿ ತೀರಿಕೊಂಡ ಆ ವಿದ್ವಾಂಸರ ಬಾಯಲ್ಲಿ ವೇದದ ಶಬ್ದವೊಂದು ಹಲಸಿನ ಹಣ್ಣಿನಂತೆ ಬಿಚ್ಚಿಕೊಳ್ಳುತ್ತಿದ್ದುದನ್ನು ಕೇಳಿದವರು ಬಲ್ಲರು. ಕೇಳುತ್ತಿರುವಷ್ಟು ಹೊತ್ತು ಮನಸ್ಸು ತುಂಬಿರುತ್ತಿತ್ತು. ಉಪನ್ಯಾಸ ಮುಗಿದೊಡನೆ ಸಭೆಯೆಲ್ಲ ಎದ್ದು ತಂತಮ್ಮ ಚಪ್ಪಲಿ ಹುಡುಕಿಕೊಂಡು, ತಂತಮ್ಮ ಸ್ಕೂಟರು ಹತ್ತಿ ಹೊರಟುಬಿಡುತ್ತಿತ್ತು. ನನ್ನ ಪಕ್ಕದಲ್ಲಿ ಕುಳಿತು ತಲೆದೂಗಿದವನ ಹೆಸರು ನನಗೆ ಗೊತ್ತಿಲ್ಲ. ನನ್ನದು ಅವನಿಗೆ ಗೊತ್ತಿಲ್ಲ. ಜ್ಞಾನ ಸಿಕ್ಕಿತು, ಜೊತೆ ಸಿಗಲಿಲ್ಲ. ಗುರುವಿನಷ್ಟೇ ಸಹಪಾಠಿಗಳೂ ಬೇಕೆಂಬುದು ನನಗೆ ಹೊಳೆದದ್ದು ಚಪ್ಪಲಿ ಬಿಡುವ ಆ ಜಾಗದಲ್ಲಿ.

ರಥಬೀದಿಯ ವೃದ್ಧ ಪಂಡಿತರೊಬ್ಬರಲ್ಲಿ ಈ ಮಾತನ್ನು ತೋಡಿಕೊಂಡೆ. ಅವರು ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ ಹೇಳಿದರು: "ರಾಯರೇ, ನಮ್ಮ ಸಿದ್ಧಾಂತದಲ್ಲಿ ನಿಯತ ಗುರು, ಅನಿಯತ ಗುರು ಎಂದು ಎರಡು ಉಂಟು. ದಾರಿಯುದ್ದಕ್ಕೂ ಅಷ್ಟಷ್ಟು ಕಲಿಸಿ ಮುಂದಕ್ಕೆ ಕಳಿಸುವವರು ಅನಿಯತರು, ಅವರು ಹಲವರು. ಕೊನೆ ಮುಟ್ಟಿಸುವವನು ನಿಯತ ಗುರು, ಅವನು ಒಬ್ಬನೇ. ನೀವು ಅನಿಯತರಿಂದ ತೊಡಗಿ. ನಿಯತ ಗುರು ಯಾರೆಂದು ನಿಮಗೆ ಗೊತ್ತಾಗಬೇಕೆಂದೇನೂ ಇಲ್ಲ. ಅವನಿಗೆ ನೀವು ಗೊತ್ತಿದ್ದರೆ ಆಯಿತು." ಈ ಮಾತಿನಿಂದ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಒಬ್ಬನನ್ನೇ ಹುಡುಕುವವನಿಗೆ ಎದುರಿಗೆ ಬಂದವರೆಲ್ಲ ಪರೀಕ್ಷೆಯಲ್ಲಿ ನಪಾಸಾಗುತ್ತಾರೆ. ಹಲವರಿದ್ದಾರೆಂದು ತಿಳಿದವನಿಗೆ ಯಾರಿಂದಲೂ ಏನಾದರೂ ದಕ್ಕುತ್ತದೆ.

ಮುಂದೆ ಮಣಿಪಾಲ. 1953ರಲ್ಲಿ ಡಾ. ಟಿ. ಎಂ. ಎ. ಪೈಗಳು ವೈದ್ಯಕೀಯ ಕಾಲೇಜನ್ನು ತೆರೆಯುವ ಮೊದಲು ಬೋಳುಗುಡ್ಡವೆಂದು ಹಿರಿಯರು ನೆನೆಯುವ ಆ ಜಾಗದಲ್ಲಿ ಈಗ ದೇಶದೇಶದ ಮಕ್ಕಳು ಓದುತ್ತಾರೆ. ಅಲ್ಲೊಂದು ಧ್ಯಾನದ ಶಿಬಿರ ನಡೆಯುತ್ತದೆಂದು ತಿಳಿದು ಹೆಸರು ಕೊಟ್ಟೆ. ಹವಾನಿಯಂತ್ರಿತ ಕೋಣೆ, ಬಿಳಿಯ ಹಾಸು, ಐದು ದಿನದ ಪಾಠ. ಬಂದಿದ್ದವರು ವೈದ್ಯರು, ಇಂಜಿನಿಯರರು, ಗೃಹಿಣಿಯರು. ಎಲ್ಲರೂ ನನ್ನದೇ ವಯಸ್ಸಿನವರು, ಎಲ್ಲರ ಕಣ್ಣಿಗೂ ಚಾಳೀಸು. ಉಸಿರಾಟದ ಕ್ರಮ ಹೇಳಿಕೊಟ್ಟರು. ಅದರಿಂದ ನಿದ್ದೆ ಚೆನ್ನಾಗಿ ಬಂತೆಂದು ಒಪ್ಪಬೇಕು. ಮೂರನೆಯ ದಿನ ನಾನು ಎದ್ದು ನಿಂತು ಏನೋ ಕೇಳಿದೆ. ಶಿಕ್ಷಕರು ಮುಗುಳ್ನಕ್ಕು, "ಪ್ರಶ್ನೆ ಬುದ್ಧಿಯ ಚಟ. ಗುರುಗಳಿಗೆ ಶರಣಾದರೆ ಪ್ರಶ್ನೆ ತಾನಾಗಿ ಬಿದ್ದುಹೋಗುತ್ತದೆ" ಎಂದರು. ಐದನೆಯ ದಿನ ಸೇವೆಗೆ ಹೆಸರು ಕೊಡುವ ಕಾಗದ ಹಂಚಿದರು.

ಮನೆಗೆ ಬಂದು ಗೀತೆಯ ನಾಲ್ಕನೆಯ ಅಧ್ಯಾಯವನ್ನು ತೆಗೆದು ನೋಡಿದೆ. ಜ್ಞಾನಿಗಳಿಂದ ಕಲಿಯುವ ಬಗೆಯನ್ನು ಕೃಷ್ಣ ಮೂರು ಶಬ್ದಗಳಲ್ಲಿ ಹೇಳುತ್ತಾನೆ: ಪ್ರಣಿಪಾತ, ಪರಿಪ್ರಶ್ನೆ, ಸೇವೆ. ನಮಸ್ಕಾರಕ್ಕೂ ಸೇವೆಗೂ ನಡುವೆ ಪ್ರಶ್ನೆಯನ್ನು ಇಟ್ಟಿದ್ದಾನೆ. ಅದೂ ಬರಿಯ ಪ್ರಶ್ನೆಯಲ್ಲ, ಸುತ್ತಲಿಂದಲೂ ಕೇಳುವ ಪರಿಪ್ರಶ್ನೆ. ಛಾಂದೋಗ್ಯದ ನಾರದನನ್ನು ನೋಡಿ. ನಾಲ್ಕು ವೇದಗಳಿಂದ ಹಿಡಿದು ಹಾವಿನ ವಿದ್ಯೆಯವರೆಗೆ ಎಲ್ಲ ಕಲಿತು, ಆದರೂ ದುಃಖ ಹೋಗಲಿಲ್ಲವೆಂದು ಸನತ್ಕುಮಾರನ ಬಳಿಗೆ ಬಂದವನು ಆತ. ನಡುವಯಸ್ಸಿನ ಶಿಷ್ಯರಿಗೆ ಅವನೇ ಮೂಲಪುರುಷನೆಂದು ನನಗೆ ತೋರುತ್ತದೆ. ಸನತ್ಕುಮಾರ ಒಂದನ್ನು ಹೇಳಿದರೆ, ಅದಕ್ಕಿಂತ ದೊಡ್ಡದು ಉಂಟೇ ಎಂದು ನಾರದ ಮತ್ತೆ ಮತ್ತೆ ಕೇಳುತ್ತಾನೆ. ಗುರು ಬೇಸರಿಸುವುದಿಲ್ಲ, 'ಉಂಟು' ಎನ್ನುತ್ತಾನೆ. ಪಾಠ ಮುಂದೆ ಹೋಗುವುದೇ ಶಿಷ್ಯನ ಕೇಳಿಕೆಯ ಬಲದಿಂದ. ನಡುವಿನ ಶಬ್ದವನ್ನು ಕಿತ್ತುಹಾಕಿ ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ಬೇಡುವ ಕಡೆ ನಿಲ್ಲಬಾರದೆಂದು ಅಂದು ನಿಶ್ಚಯಿಸಿದೆ.

ಇಷ್ಟರಲ್ಲಿ ಮನೆಯಲ್ಲಿ ಬೇರೆಯೇ ಒಂದು ಕಳವಳ ಬೆಳೆಯುತ್ತಿತ್ತು. ನಾನಾಗ ಸ್ವಾಮಿ ರಾಮದಾಸರ ಚರಿತ್ರೆ ಓದುತ್ತಿದ್ದೆ. ವಾಚಕರಲ್ಲಿ ಹಲವರಿಗೆ ಈ ಕಥೆ ಗೊತ್ತಿರಬೇಕು. ವಿಠಲರಾಯರೆಂಬವರು 1884ರಲ್ಲಿ, ಅಂದು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದ ಹೊಸದುರ್ಗದಲ್ಲಿ ಹುಟ್ಟಿದರು. ಮುಂಬಯಿಯಲ್ಲಿ ನೂಲು, ನೇಯ್ಗೆಯ ವಿದ್ಯೆ ಕಲಿತು, ಗಿರಣಿಗಳಲ್ಲಿ ದುಡಿದು, ಮಂಗಳೂರಿಗೆ ಬಂದು ಬಟ್ಟೆಗೆ ಬಣ್ಣ ಹಾಕುವ ಉದ್ಯೋಗ ನಡೆಸಿದರು. ಅದು ಕೈಹತ್ತಲಿಲ್ಲ, ಮನಸ್ಸು ಬೆಂದಿತು. ತಂದೆಯವರೇ ರಾಮಮಂತ್ರವನ್ನು ಉಪದೇಶಿಸಿದರು. 1922ರ ಡಿಸೆಂಬರಿನಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಹೆಂಡತಿಯನ್ನೂ ಮಗಳನ್ನೂ ಬಿಟ್ಟು ಅವರು ರೈಲು ಹತ್ತಿದರು. ಶ್ರೀರಂಗದಲ್ಲಿ ಕಾವೇರಿಯಲ್ಲಿ ಮಿಂದು ತಾವಾಗಿ ಕಾವಿ ಉಟ್ಟರು. ತಿರುವಣ್ಣಾಮಲೆಯಲ್ಲಿ ರಮಣರ ದೃಷ್ಟಿಗೆ ಪಾತ್ರರಾಗಿ, ಅಲ್ಲಿಯ ಗುಡ್ಡದ ಗುಹೆಯಲ್ಲಿ ಕೆಲವು ವಾರ ನಾಮ ಜಪಿಸಿದರು. ಮುಂದೆ ಕದ್ರಿಯ ಗುಹೆಯಲ್ಲೂ ಇದ್ದರು. 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮ ಎದ್ದಿತು. 1963ರಲ್ಲಿ ಅವರು ದೇಹ ಬಿಡುವವರೆಗೆ ಅದೇ ನೆಲೆ.

ಒಂದು ರಾತ್ರಿ ನನ್ನಾಕೆ ದೀಪ ಆರಿಸುವ ಮೊದಲು ಆ ಪುಸ್ತಕವನ್ನು ನೋಡಿ, "ಹೋಗುವುದಾದರೆ ಹೇಳಿ ಹೋಗಿ ಮಾರಾಯ್ರೆ. ಬೆಳಿಗ್ಗೆ ಎದ್ದು ಗಂಜಿಗೆ ಎಷ್ಟು ಅಕ್ಕಿ ಹಾಕಬೇಕೆಂದು ನನಗೆ ಗೊತ್ತಾಗಬೇಕಲ್ಲ" ಎಂದಳು. ತಮಾಷೆಯ ಮಾತೇ. ಆದರೆ ದನಿಯಲ್ಲಿ ತಮಾಷೆ ಇರಲಿಲ್ಲ. ಗಂಡಸಿನ ನಡುವಯಸ್ಸಿನ ವೈರಾಗ್ಯದ ಖರ್ಚು ಯಾವಾಗಲೂ ಹೆಂಗಸಿನ ಲೆಕ್ಕಕ್ಕೆ ಬೀಳುತ್ತದೆ. ಸಿದ್ಧಾರ್ಥನ ಮನೆಯಲ್ಲೂ ಹಾಗೆಯೇ ಆಯಿತು, ಮಂಗಳೂರಿನಲ್ಲೂ ಹಾಗೆಯೇ ಆಯಿತು. ರಾಮದಾಸರ ದೊಡ್ಡತನಕ್ಕೆ ನಾನು ತಲೆಬಾಗುತ್ತೇನೆ; ಅವರ ರೈಲು ಮಾತ್ರ ನನ್ನದಲ್ಲ. ಆ ಕಥೆಯಲ್ಲಿ ನನ್ನಂಥ ಸಂಸಾರಿಗೆ ಸಲ್ಲುವ ಎರಡು ಸಂಗತಿಗಳಿವೆ. ಒಂದು, ಅವರಿಗೆ ಮಂತ್ರ ಸಿಕ್ಕಿದ್ದು ಮನೆಯಲ್ಲಿ, ಹಡೆದ ತಂದೆಯಿಂದ. ಇನ್ನೊಂದು, ಅಲೆದಾಟದಲ್ಲಿ ಜೊತೆಯಾದ ಬಡ ಸಾಧುಗಳನ್ನು ಅವರು 'ಸಾಧುರಾಮ' ಎಂದು ಕರೆದು, ಅವರು ಕರೆದಲ್ಲಿಗೆ ಹೋದರು. ಯಾವ ರೈಲು, ಯಾವ ಊರು, ಎಲ್ಲಿ ಊಟ ಎಂಬುದೆಲ್ಲ ಸಾಧುರಾಮನ ಪಾಲು. ದೊಡ್ಡ ಗುರುವಿನ ಮುಂದೆ ಅವರು ಕಳೆದ ಹೊತ್ತಿಗಿಂತ ಈ ಸಾಮಾನ್ಯ ಜೊತೆಗಾರರೊಡನೆ ನಡೆದ ಹೊತ್ತು ಎಷ್ಟೋ ಹೆಚ್ಚು.

ನನಗೆ ಸಾಧುರಾಮರು ಸಿಕ್ಕಿದ್ದು ಕಾಪುವಿನಲ್ಲಿ. ಕೆಲಸದ ಮೇಲೆ ಅಲ್ಲಿಗೆ ವರ್ಗವಾಗಿತ್ತು. ಸಂಜೆ ಆಫೀಸು ಮುಗಿದ ಮೇಲೆ ಬಸ್ಸಿಗೆ ಮುನ್ನ ಸಮುದ್ರದ ಕಡೆ ಹೋಗಿ, 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭದ ಕೆಳಗೆ ಕೂರುತ್ತಿದ್ದೆ. ಅಲ್ಲಿಗೆ ದಿನವೂ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಬರುತ್ತಿದ್ದರು. ಅವರ ಜೊತೆಗೆ ಪೇಟೆಯಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದ ಒಬ್ಬರು. ಇಬ್ಬರೂ ಏನೋ ಚರ್ಚಿಸುತ್ತಿದ್ದರು. ಮೂರನೆಯ ವಾರ ನಾನೂ ಬಾಯಿ ಹಾಕಿದೆ. ಯಕ್ಷಗಾನದ ತಾಳಮದ್ದಳೆಯಲ್ಲಿ ಎದುರಾಳಿಯ ಅರ್ಥಕ್ಕೆ ಅರ್ಥ ಕೂಡಿಸುವುದನ್ನು ಕೇಳಿ ಬೆಳೆದ ಊರು ನಮ್ಮದು. ವಾದ ಮಾಡಿದರೆ ಸ್ನೇಹ ಕೆಡುತ್ತದೆಂಬ ಭಯ ಇಲ್ಲಿಯವರಿಗಿಲ್ಲ. ನಾನು ಗುರುವನ್ನು ಹುಡುಕುತ್ತಿದ್ದೇನೆಂದಾಗ ಹೊಲಿಗೆಯವರು ದೀಪಸ್ತಂಭವನ್ನು ತೋರಿಸಿ ಹೇಳಿದರು: "ರಾಯರೇ, ನಮ್ಮ ಮನೆಯವರು ದೋಣಿಯಲ್ಲಿ ಹೋಗುವವರು. ಈ ದೀಪವನ್ನು ನೋಡಿಕೊಂಡು ಅದರ ಹತ್ತಿರ ಬಂದರೆ ದೋಣಿ ಬಂಡೆಗೆ ಬಡಿದು ಒಡೆಯುತ್ತದೆ. ದೀಪ ನೋಡಬೇಕು, ದಾರಿ ತಿಳಿದುಕೊಳ್ಳಬೇಕು, ನಮ್ಮ ನಮ್ಮ ಕಡಲಕರೆಗೆ ಹೋಗಬೇಕು." ಇದನ್ನು ಹೇಳಿ ಅವರು ಕಡಲೆ ಸುಲಿಯುವುದನ್ನು ಮುಂದುವರಿಸಿದರು. ಪಂಡಿತರು ಹೇಳಿದ ಅನಿಯತ ಗುರುಗಳಲ್ಲಿ ಇವರೂ ಒಬ್ಬರೆಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ.

ಮೆಲ್ಲಮೆಲ್ಲನೆ ನಾವು ಐವರಾದೆವು. ಕಾರ್ಕಳದಲ್ಲಿ ಅಂಗಡಿ ನಡೆಸುವ ಜೈನರೊಬ್ಬರು, ಅತ್ತೂರಿನ ಕಡೆಯ ಒಬ್ಬ ದಾದಿ ಸೇರಿಕೊಂಡರು. ಭಾನುವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಕೂಡುವುದು. ಮನೆಯವರು ಒಂದು ಪ್ರಶ್ನೆ ಇಡುವುದು. ಉಳಿದವರು ತಮ್ಮ ತಮ್ಮ ಅನುಭವದಿಂದ ಹೇಳುವುದು. ಯಾರೂ ಯಾರಿಗೂ ಉಪದೇಶ ಮಾಡತಕ್ಕದ್ದಲ್ಲ. ಈ ಸರದಿಗೆ ಮಾಸ್ಟ್ರು 'ಪರ್ಯಾಯ' ಎಂದೇ ಹೆಸರಿಟ್ಟರು. ತಮಾಷೆಗೆ ಇಟ್ಟ ಹೆಸರಾದರೂ ಅದರಲ್ಲಿ ಅರ್ಥವಿದೆ. ವಾದಿರಾಜರು ಎರಡು ತಿಂಗಳ ಪರ್ಯಾಯವನ್ನು ಎರಡು ವರ್ಷಕ್ಕೆ ಏರಿಸಿದ ಕಾಲದಿಂದ, ಸರ್ವಜ್ಞಪೀಠವನ್ನು ಏರಿದ ಸ್ವಾಮಿಗಳು ಯಾರೇ ಇರಲಿ, ಅವಧಿ ಮುಗಿದೊಡನೆ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಮುಂದಿನವರ ಕೈಗೆ ಕೊಟ್ಟು ಇಳಿಯುತ್ತಾರೆ. ಪೂಜ್ಯಸ್ಥಾನಕ್ಕೂ ಸರದಿ ಇರಬೇಕೆಂದು ನಮ್ಮ ಊರು ಐದು ಶತಮಾನಗಳಿಂದ ನಡೆಸಿ ತೋರಿಸಿದೆ. ಇನ್ನೂ ಹಿಂದಿನ ಮಾತು ಬೇಕಾದರೆ, ಮಧ್ವಾಚಾರ್ಯರಿಗೆ ಸಂನ್ಯಾಸ ಕೊಟ್ಟ ಅಚ್ಯುತಪ್ರೇಕ್ಷರು ಕೊನೆಗೆ ಶಿಷ್ಯನ ಸಿದ್ಧಾಂತವನ್ನೇ ಒಪ್ಪಿಕೊಂಡರೆಂದು ಸಂಪ್ರದಾಯ ಹೇಳುತ್ತದೆ. ಕಲಿಸಿದವನು ಕಲಿಯಲು ನಾಚದಿದ್ದ ನೆಲವಿದು.

ಒಮ್ಮೆ ಎಲ್ಲರೂ ಕಾರ್ಕಳಕ್ಕೆ ಹೋದೆವು. 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯನ್ನು ಮೊದಲು ನೋಡಿ, ಬಳಿಕ ಎದುರಿನ ಬಂಡೆಗುಡ್ಡವನ್ನು ಹತ್ತಿದೆವು. ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ ನಲವತ್ತೆರಡು ಅಡಿಯ ಬಾಹುಬಲಿಯ ಕೆಳಗೆ ಕುಳಿತು, ಅಂಗಡಿಯವರು ಆದಿಪುರಾಣದ ಕಥೆ ಹೇಳಿದರು. ಎಲ್ಲವನ್ನೂ ಗೆದ್ದು, ಗೆದ್ದುದನ್ನೆಲ್ಲ ಬಿಟ್ಟು, ಮೈಗೆ ಬಳ್ಳಿ ಹಬ್ಬುವಂತೆ ವರ್ಷವಿಡೀ ನಿಂತರೂ ಬಾಹುಬಲಿಗೆ ಕೇವಲಜ್ಞಾನ ಆಗಲಿಲ್ಲ. 'ನಾನು ಅಣ್ಣನ ನೆಲದ ಮೇಲೆ ನಿಂತಿದ್ದೇನೆ' ಎಂಬ ಸಣ್ಣ ಮುಳ್ಳು ಒಳಗೆ ಉಳಿದಿತ್ತು. ಭರತನೇ ಬಂದು ಕೈಮುಗಿದಾಗ ಅದು ಕಳಚಿತು. "ಅಷ್ಟು ದೊಡ್ಡವನಿಗೂ ಮುಳ್ಳು ತೆಗೆಯಲು ಇನ್ನೊಬ್ಬ ಬರಬೇಕಾಯಿತು, ನೋಡಿ" ಎಂದರು. ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗಾಳಿ ಚೆನ್ನಾಗಿ ಬೀಸುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ಹೊಲಿಗೆಯವರು ಹಾಸಿಗೆ ಹಿಡಿದರು. ಮಣಿಪಾಲದಲ್ಲಿ ಹನ್ನೊಂದು ದಿನ. ಅವರ ಮಕ್ಕಳಿಗೆ ಹಗಲು ದುಡಿಮೆ; ಆದುದರಿಂದ ನಾವು ನಾಲ್ವರು ಪಾಳಿ ಹಾಕಿಕೊಂಡು ಕುಳಿತೆವು. ನನ್ನಾಕೆ ದಿನವೂ ಗಂಜಿಯನ್ನೂ ಉಪ್ಪಿನಕಾಯಿಯ ರಸವನ್ನೂ ಕಳಿಸುತ್ತಿದ್ದಳು. ನಾನು ಕುಳಿತಿದ್ದ ಒಂದು ರಾತ್ರಿ ಅವರು ಕಣ್ಣು ತೆರೆದು, "ರಾಯರೇ, ನನಗೆ ಹೆದರಿಕೆ ಆಗುತ್ತದೆ" ಎಂದರು. ಸ್ವಲ್ಪ ತಡೆದು, "ಇದನ್ನು ಮನೆಯವರ ಮುಂದೆ ಹೇಳಿದರೆ ಅವರು ಅಳುತ್ತಾರೆ. ನಿಮ್ಮ ಮುಂದೆ ಹೇಳಬಹುದು" ಎಂದು ಸೇರಿಸಿದರು. ನನ್ನ ಬಳಿ ಉತ್ತರವಿರಲಿಲ್ಲ. 'ನನಗೂ ಆಗುತ್ತದೆ' ಎಂದು ಹೇಳಿ ಅವರ ಕೈ ಹಿಡಿದುಕೊಂಡೆ. ಅವರು ನಿದ್ದೆ ಹೋದರು. ನಾಲ್ಕು ದಿನದ ಮೇಲೆ ತೀರಿಕೊಂಡರು.

ದಹನ ಮುಗಿಸಿ ಬಂದ ಸಂಜೆ ನನ್ನಾಕೆ ಕೇಳಿದಳು: "ಅವರಿಗೆ ಹೆದರಿಕೆ ಹೇಳಿಕೊಳ್ಳಲು ನೀವು ನಾಲ್ಕು ಜನ ಇದ್ದಿರಿ. ಮಾವನವರಿಗೆ ಯಾರಿದ್ದರು?" ನಾನು ಸುಮ್ಮನಿದ್ದೆ. ಮುಂದಿನ ಭಾನುವಾರ ಅವಳು ಕಾಫಿಯ ತಟ್ಟೆಯನ್ನು ಇಟ್ಟು ಒಳಗೆ ಹೋಗಲಿಲ್ಲ. ಐದನೆಯವರ ಕುರ್ಚಿಯಲ್ಲಿ ಕುಳಿತಳು. ಮಾವನವರ ನೋಟುಬುಕ್ಕಿನ ಮೊದಲನೆಯ ಪ್ರಶ್ನೆಯನ್ನು ಅವಳೇ ಓದಿದಳು. ಅಂದಿನಿಂದ ಆ ಪುಸ್ತಕವೇ ನಮಗೆ ಪಠ್ಯ. ಮಾಸ್ಟ್ರು ಒಂದು ಹೇಳುತ್ತಾರೆ, ದಾದಿ ತನ್ನ ವಾರ್ಡಿನಲ್ಲಿ ಕಂಡದ್ದನ್ನು ಹೇಳುತ್ತಾರೆ, ಅಂಗಡಿಯವರು ಅದನ್ನು ಅನೇಕಾಂತದ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ನನ್ನಾಕೆಯ ಮಾತು ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಮತ್ತು ಎಲ್ಲರ ಮಾತಿಗಿಂತ ಗಿಡ್ಡವಾಗಿರುತ್ತದೆ.

ಗುರು ಸಿಕ್ಕಿದರೇ ಎಂದು ಯಾರಾದರೂ ಕೇಳಿದರೆ, ಪಂಡಿತರು ಹೇಳಿದ ನಿಯತ ಗುರು ಇನ್ನೂ ನನಗೆ ಪರಿಚಯವಾಗಿಲ್ಲ ಎಂದೇ ಹೇಳಬೇಕು. ಆದರೆ ಹುಡುಕುವವರಿಗೆ ಅನುಭವದಿಂದ ಒಂದೆರಡು ಮಾತು ಹೇಳಬಲ್ಲೆ. ಪ್ರಶ್ನೆಯನ್ನು ತಡೆಯುವ ಕಡೆ ನಿಲ್ಲಬೇಡಿ. ಮನೆಯವರಿಂದ ಮುಚ್ಚಿಡಬೇಕಾದ ಸಾಧನೆಯನ್ನು ಹಿಡಿಯಬೇಡಿ. ದೊಡ್ಡವರ ಮಾತು ಕೇಳಿ ಬರುವಾಗ ಪಕ್ಕದಲ್ಲಿ ಕುಳಿತವರ ಹೆಸರು ಕೇಳಿಕೊಳ್ಳಿ. ಅವರಿಗೂ ಮನೆಯಲ್ಲಿ ಒಂದು ನೋಟುಬುಕ್ಕು ಇದ್ದೀತು. ಅಷ್ಟು ಮಾಡಿದರೆ ಮುಂದಿನ ಏರ್ಪಾಡು ಹೆಚ್ಚು ಖರ್ಚಿನದಲ್ಲ. ನಾಲ್ಕೈದು ಕುರ್ಚಿ, ಒಂದು ಚೆಂಬು ನೀರು, ಭಾನುವಾರದ ಎರಡು ಗಂಟೆ ಸಾಕಾಗುತ್ತದೆ.